ಕೊಟ್ಟಿಗೆಯಲ್ಲಿ ಗಾಜು ಊದಬಹುದಾ? ನಾಲ್ಕು ವರ್ಕ್‌ಶಾಪ್ ಕಂಡವರ ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಬಿ.ಎಸ್‌ಸಿ. ಮುಗಿಸಿದ್ದೇನೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮುರಿದ ಕಂಡೆನ್ಸರ್ (ಹಬೆಯನ್ನು ತಣಿಸಿ ದ್ರವ ಮಾಡುವ ಗಾಜಿನ ಕೊಳವೆ) ಒಂದನ್ನು ನೀವು ಕಣ್ಣೆದುರೇ ಬೆಸೆದು ಕೊಟ್ಟಿದ್ದು ನೋಡಿದ ಮೇಲೆ ಗಾಜು ಊದುವುದನ್ನು ಕಲಿಯಬೇಕು ಅಂತ ಆಸೆಯಾಗಿದೆ. ನೀವು ಬೇರೆ ಬೇರೆ ಕಡೆ ಕೆಲಸ ಮಾಡಿದ್ದೀರಂತೆ. ಒಂದು ವರ್ಕ್‌ಶಾಪಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ? ಎಲ್ಲಿಗೆ ಹೋಗಿ ಕಲಿಯಲಿ? ಮನೆ ಹಿಂದೆ ಖಾಲಿ ಕೊಟ್ಟಿಗೆ ಇದೆ, ಅಲ್ಲೇ ಶುರು ಮಾಡಬಹುದಾ?

ಉತ್ತರ: ಕೊಟ್ಟಿಗೆ ವಿಷಯ ಕೊನೆಗೆ ಹೇಳುತ್ತೇನೆ. ಮೊದಲಿನ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅದು ನಿಮಗೇ ಅರ್ಧ ಗೊತ್ತಾಗಿರುತ್ತದೆ.

ಗಾಜಿನ ವರ್ಕ್‌ಶಾಪಿಗೆ ಯಾರೇ ಬಂದರೂ ಅವರ ಕಣ್ಣು ಮೊದಲು ಹೋಗುವುದು ಬೆಂಕಿಯ ಕಡೆಗೆ. ನನಗೂ ಹಾಗೇ ಆಗುತ್ತಿತ್ತು. ಈಗ ಹೊಸ ಜಾಗಕ್ಕೆ ಹೋದರೆ ನಾನು ಮೊದಲು ಹುಡುಕುವುದು, ಇವರು ಮಾಡಿದ ಸಾಮಾನನ್ನು ಎಲ್ಲಿ ಇಟ್ಟು ತಣಿಸುತ್ತಾರೆ ಅನ್ನುವುದನ್ನು. ಗಾಜು ತಣಿಯುವಾಗ ಹೊರಗಿನ ಪದರ ಬೇಗ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಆಮೇಲೆ ಒಳಗಿನದು ಕುಗ್ಗಲು ನೋಡುತ್ತದೆ, ಹೊರಗಿನದು ಬಿಡುವುದಿಲ್ಲ. ಆ ಎಳೆದಾಟ ಗಾಜಿನೊಳಗೇ ಉಳಿದುಬಿಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಇವತ್ತು ಹೊಳೆಯುತ್ತಾ ಕೂತಿರುವ ಫ್ಲಾಸ್ಕು ನಾಳೆ ಬೆಳಗ್ಗೆ ಯಾರೂ ಮುಟ್ಟದೇ ಸೀಳಿರುತ್ತದೆ. ಅದಕ್ಕೇ ಗಾಜನ್ನು ಒಂದು ಶಾಖದಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟು ಆಮೇಲೆ ನಿಧಾನಕ್ಕೆ ಇಳಿಸಬೇಕು. ಅನೀಲಿಂಗ್ ಅನ್ನುತ್ತಾರೆ, ನಾನು ಹದ ಮಾಡುವುದು ಅನ್ನುತ್ತೇನೆ. ನಾನು ಕೆಲಸ ಮಾಡಿದ ನಾಲ್ಕು ಕಡೆಯೂ ಈ ಹದದ ವಿಷಯದಲ್ಲೇ ಜಾಸ್ತಿ ಬೇರೆ ಬೇರೆ ಇದ್ದವು.

ಮೊದಲನೆಯದು ಶಿವಮೊಗ್ಗದಲ್ಲಿ, ನಿಯಾನ್ ಬೋರ್ಡ್ ಮಾಡುವ ಒಂದು ಶೆಡ್ಡು. 1991ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಸೇರಿದೆ. ಆಗ ಬಟ್ಟೆ ಅಂಗಡಿ, ಲಾಡ್ಜು, ಟಾಕೀಸು ಎಲ್ಲದಕ್ಕೂ ರಾತ್ರಿ ಉರಿಯುವ ಹೆಸರು ಬೇಕಿತ್ತು. ಕೆಲಸ ಹೀಗೆ: ಕಡ್ಡಿಯಷ್ಟು ಸಪೂರದಿಂದ ಹೆಬ್ಬೆರಳಿನಷ್ಟು ದಪ್ಪದವರೆಗಿನ ಗಾಜಿನ ಕೊಳವೆ, ಉದ್ದಕ್ಕೆ ಉರಿಯುವ ಪಟ್ಟಿ ಬರ್ನರ್, ಮೇಜಿನ ಮೇಲೆ ಅಕ್ಷರದ ನಕ್ಷೆ. ನಕ್ಷೆ ಉಲ್ಟಾ ಇರುತ್ತದೆ, ಯಾಕಂದ್ರೆ ಬಗ್ಗಿಸುವುದು ಹಿಂಬದಿಯಿಂದ. ಕೊಳವೆಯ ಒಂದು ತುದಿಗೆ ಬಿರಡೆ, ಇನ್ನೊಂದು ತುದಿಗೆ ರಬ್ಬರ್ ನಳಿಕೆ, ಅದರ ಕೊನೆ ನಮ್ಮ ಹಲ್ಲಿನ ನಡುವೆ. ಗಾಜು ಮೆತ್ತಗಾದ ಕೂಡಲೇ ಬೆಂಕಿಯಿಂದ ತೆಗೆದು ನಕ್ಷೆಯ ಮೇಲೆ ಬಗ್ಗಿಸಬೇಕು, ಬಗ್ಗಿದ ಜಾಗ ಚಪ್ಪಟೆಯಾಗದ ಹಾಗೆ ಚೂರು ಉಸಿರು ಕೊಡಬೇಕು. 'ಅ' ಅಕ್ಷರದ ಹೊಟ್ಟೆ ಬಗ್ಗಿಸಲು ನನಗೆ ಎರಡು ತಿಂಗಳು ಹಿಡಿಯಿತು. ಇಂಗ್ಲಿಷ್ ಅಕ್ಷರ ಸುಲಭ, ಕನ್ನಡದ ದುಂಡು ಕಷ್ಟ. ಒತ್ತಕ್ಷರ ಬಂದರೆ ಯಜಮಾನರೇ ಕೂರುತ್ತಿದ್ದರು.

ಬಗ್ಗಿಸಿದ ಮೇಲೆ ಎರಡೂ ತುದಿಗೆ ಎಲೆಕ್ಟ್ರೋಡ್ ಬೆಸೆದು, ಪಂಪಿನಿಂದ ಗಾಳಿ ಎಳೆದು, ಜೋರು ವೋಲ್ಟೇಜಿನ ಕರೆಂಟ್ ಹಾಯಿಸಿ ಕೊಳವೆಯನ್ನೇ ಕಾಯಿಸಿ ಒಳಗಿನ ಕೊಳೆ ಓಡಿಸಿ, ಆಮೇಲೆ ಅನಿಲ ತುಂಬುವುದು. ನಿಯಾನ್ ಅನಿಲಕ್ಕೆ ಕೆಂಪು ಕಿತ್ತಳೆ ಬಣ್ಣ, ಆರ್ಗಾನ್ ಜೊತೆ ಒಂದು ತೊಟ್ಟು ಪಾದರಸ ಸೇರಿದರೆ ನೀಲಿ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಜಾರ್ಜ್ ಕ್ಲಾಡ್ ತೋರಿಸಿದ ದೀಪ ಇದೇ. ಆ ಶೆಡ್ಡಿನಲ್ಲಿ ಹದ ಮಾಡಲು ಏನೂ ಇರಲಿಲ್ಲ. ಕೊಳವೆಯ ಗೋಡೆ ತೆಳು, ಬಗ್ಗು ಒಂದೇ ದಪ್ಪ, ಹಾಗಾಗಿ ಗಾಳಿಯಲ್ಲಿ ತಣಿದರೂ ಹೆಚ್ಚಿನವು ಉಳಿಯುತ್ತಿದ್ದವು. ಉಳಿಯದಿದ್ದವು ಮೂಲೆಯ ಡಬ್ಬಕ್ಕೆ ಹೋಗುತ್ತಿದ್ದವು, ಅದಕ್ಕೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಅಲ್ಲಿ ನನ್ನ ಕೈಗೆ ಎರಡು ವಿದ್ಯೆ ಬಂತು, ಉಸಿರಿನ ಅಳತೆ ಮತ್ತು ಗಾಜು ಯಾವ ಕ್ಷಣ ಮೆತ್ತಗಾಗುತ್ತದೆ ಅನ್ನುವುದು. ಕೆಟ್ಟದ್ದೂ ಇತ್ತು. ಪಾದರಸವನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದೆವು, ನಕ್ಷೆಯ ಕೆಳಗೆ ಆಸ್‌ಬೆಸ್ಟಾಸ್ ಹಾಳೆ ಹಾಸುತ್ತಿದ್ದೆವು, ಅದರ ಪುಡಿ ಮೈಮೇಲೆಲ್ಲ. ಹಳೇ ವರ್ಕ್‌ಶಾಪಿನಲ್ಲಿ ಈಗಲೂ ಆ ಹಾಳೆ ಕಂಡರೆ ದಯವಿಟ್ಟು ಅಲ್ಲಿ ಕೂರಬೇಡಿ. ಅದರ ಎಳೆ ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಎರಡನೆಯದು ಬೆಂಗಳೂರು. ಒಂದು ಸಂಶೋಧನಾ ಸಂಸ್ಥೆಯ ಗಾಜಿನ ವಿಭಾಗಕ್ಕೆ ಸಹಾಯಕನಾಗಿ ಸೇರಿದೆ, ಹನ್ನೊಂದು ವರ್ಷ ಇದ್ದೆ. ನಿಜ ಹೇಳಬೇಕಂದ್ರೆ ನಾನು ಇವತ್ತು ಮಾಡುವ ಕೆಲಸವೆಲ್ಲ ಅಲ್ಲಿ ಕಲಿತದ್ದು. ಆದರೆ ಮೊದಲ ಆರು ತಿಂಗಳು ಶಿವಮೊಗ್ಗದಲ್ಲಿ ಕಲಿತದ್ದನ್ನು ಮರೆಯುವುದೇ ಕೆಲಸವಾಯಿತು. ನಿಯಾನ್ ಕೊಳವೆ ಬೇಗ ಕರಗುವ ಜಾತಿ. ಲ್ಯಾಬಿನ ಸಾಮಾನು ಬೋರೋಸಿಲಿಕೇಟ್ ಅನ್ನುವ, ಬಿಸಿ ತಡೆಯುವ ಗಾಜು, ಅದು ಮೆತ್ತಗಾಗಲು 820 ಡಿಗ್ರಿ ಸೆಲ್ಸಿಯಸ್ ದಾಟಬೇಕು, ನಮ್ಮ ಇಷ್ಟಕ್ಕೆ ಬರಲು ಇನ್ನೂ ಮೇಲೆ. ಬರೀ ಗ್ಯಾಸು ಮತ್ತು ಗಾಳಿ ಸಾಕಾಗುವುದಿಲ್ಲ, ಆಕ್ಸಿಜನ್ ಬೇಕು. ಕಿಟಕಿ, ಬಾಟಲಿಗಳ ಸಾಮಾನ್ಯ ಸೋಡಾ ಗಾಜು ಬಿಸಿಗೆ ಹಿಗ್ಗುವುದು ಬೋರೋಸಿಲಿಕೇಟಿನ ಹತ್ತಿರ ಹತ್ತಿರ ಮೂರು ಪಟ್ಟು. ಎರಡನ್ನೂ ಸೇರಿಸಿ ಬೆಸೆದರೆ ಬೆಸುಗೆ ಬಿಸಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ತಣಿಯುವಾಗ ಟಿಕ್ ಅಂತ ಬಿಡುತ್ತದೆ. ಕ್ವಾರ್ಟ್ಜ್ ಬಂದರಂತೂ ಬೆಂಕಿಯೇ ಬೇರೆ, ಹೈಡ್ರೋಜನ್ ಮತ್ತು ಆಕ್ಸಿಜನ್.

ಅಲ್ಲಿ ಮೇಷ್ಟ್ರು ನನಗೆ ಮೊದಲು ಕೊಟ್ಟದ್ದು ಒಂದು ಕನ್ನಡಕ. ಗಾಜು ಬೆಂಕಿಗೆ ಹೋದ ಕೂಡಲೇ ಅದರೊಳಗಿನ ಸೋಡಿಯಂನಿಂದ ಕಣ್ಣು ಕುಕ್ಕುವ ಹಳದಿ ಬೆಳಕು ಏಳುತ್ತದೆ, ಬೆಸುಗೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಡೈಡಿಮಿಯಂ ಅನ್ನುವ ನೇರಳೆ ಛಾಯೆಯ ಗಾಜು ಆ ಹಳದಿಯನ್ನಷ್ಟೇ ಹೀರಿಕೊಳ್ಳುತ್ತದೆ. ಕನ್ನಡಕ ಹಾಕಿದ ಕ್ಷಣ ಉರಿ ಮಾಯವಾಗಿ ಗಾಜಿನ ಅಂಚು ಅಂಚೂ ಕಂಡಿತು. ನಾಲ್ಕು ವರ್ಷ ನಾನು ಕುರುಡನಂತೆ ಕೆಲಸ ಮಾಡಿದ್ದೆ ಅಂತ ಅವತ್ತು ಗೊತ್ತಾಯಿತು.

ಒಂದು ಕೆಲಸ ಹತ್ತಿರದಿಂದ ಹೇಳುತ್ತೇನೆ, ನೀವು ನೋಡಿದ್ದು ಬಹುಶಃ ಇದನ್ನೇ. ಉದ್ದ ಕೊಳವೆಯ ಮಗ್ಗುಲಿಗೆ ಇನ್ನೊಂದು ಕೊಳವೆ ಬೆಸೆಯುವುದು, ಟಿ ಜಾಯಿಂಟ್. ಉದ್ದ ಕೊಳವೆಯ ಒಂದು ತುದಿಗೆ ಬಿರಡೆ ಹಾಕಿ, ಚೂಪು ಬೆಂಕಿಯಲ್ಲಿ ಮಗ್ಗುಲ ಒಂದೇ ಜಾಗವನ್ನು ನಾಲ್ಕಾಣೆಯಷ್ಟು ಅಗಲ ಕಾಯಿಸಬೇಕು. ಅದು ಕೆಂಡವಾಗಿ ಚೂರು ಕುಸಿಯುವಾಗ ಬೆಂಕಿಯಿಂದ ತೆಗೆದು ಮೆಲ್ಲಗೆ ಊದಿದರೆ ಸಣ್ಣ ಗುಬ್ಬಿ ಏಳುತ್ತದೆ. ಆ ಗುಬ್ಬಿಯ ನೆತ್ತಿಯನ್ನು ಮತ್ತೆ ಕಾಯಿಸಿ ಈ ಸಲ ಜೋರಾಗಿ ಊದಬೇಕು. ಅದು ಸೋಪಿನ ಗುಳ್ಳೆಗಿಂತ ತೆಳುವಾಗಿ ಉಬ್ಬಿ ಒಡೆಯುತ್ತದೆ, ಒಡೆದ ಚೂರು ಗಾಳಿಯಲ್ಲಿ ತೇಲುತ್ತದೆ, ಆಗ ಉಸಿರು ಒಳಗೆ ಎಳೆಯಬಾರದು. ತೂತಿನ ಅಂಚನ್ನು ಕರಗಿಸಿ, ಸೇರಿಸುವ ಕೊಳವೆಯ ಬಾಯಿಯಷ್ಟೇ ಅಗಲ ಮಾಡಬೇಕು. ಎರಡೂ ಅಂಚು ಒಂದೇ ಹೊತ್ತಿಗೆ ಕೆಂಪಾಗಿ ಮೆತ್ತಗಾದಾಗ ಬೆಂಕಿಯ ಹೊರಗೆ ತಂದು ಮುಟ್ಟಿಸಬೇಕು, ಕೂಡಿಕೊಂಡಿತು ಅನ್ನುವಾಗ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು. ಇಲ್ಲಿಗೆ ಕೆಲಸ ಮುಗಿಯಿತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅಸಲಿ ಕೆಲಸ ಈಗ ಶುರು. ಬೆಸುಗೆಯ ಸುತ್ತ ಒಂದೊಂದೇ ಜಾಗವನ್ನು ಚೂಪು ಬೆಂಕಿಯಲ್ಲಿ ಪೂರಾ ಕರಗಿಸಿ, ಕುಗ್ಗಲು ಬಿಟ್ಟು, ಊದಿ ಸಮ ಮಾಡಿ, ಪಕ್ಕದ ಜಾಗಕ್ಕೆ ಹೋಗಬೇಕು. ಗೆರೆ ಕಾಣಬಾರದು. ಗೆರೆ ಕಂಡರೆ ಅಲ್ಲೇ ಮುಂದೆ ಬಿರುಕು. ಕೊನೆಗೆ ಆಕ್ಸಿಜನ್ ಕಡಿಮೆ ಮಾಡಿ ದೊಡ್ಡ ಹಳದಿ ಬೆಂಕಿಯಲ್ಲಿ ಇಡೀ ಜಾಗವನ್ನು ತಿರುಗಿಸುತ್ತಾ ಮಸಿ ಹಿಡಿಯುವವರೆಗೆ ಕಾಯಿಸಬೇಕು. ಮಸಿ ಕೂತಿತು ಅಂದರೆ ಶಾಖ ಇಳಿದಿದೆ ಅಂತ. ಅದಾದ ಮೇಲೂ ಅದು ಹದ ಮಾಡುವ ಒಲೆಗೆ ಹೋಗಬೇಕು.

ಆ ಒಲೆ ಬೆಂಗಳೂರಿನ ವಿಭಾಗದ ಮಧ್ಯದಲ್ಲೇ ಇತ್ತು. ಕರೆಂಟಿನದು, 565 ಡಿಗ್ರಿಗೆ ಹೊಂದಿಸಿರುತ್ತಿದ್ದರು. ದಿನದ ಕೆಲಸವೆಲ್ಲ ಸಂಜೆ ಅದರೊಳಗೆ, ಬಾಗಿಲು ತೆರೆಯುವುದು ಮರುದಿನ ಬೆಳಗ್ಗೆ. ಒಂದು ಸಲ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಎರಡು ಗೋಡೆಯ ಕಂಡೆನ್ಸರ್ ತುರ್ತಾಗಿ ಬೇಕಿತ್ತು. ಮೇಷ್ಟ್ರು ರಜೆಯಲ್ಲಿದ್ದರು. ನಾನು ಮಸಿ ಹಿಡಿಸಿ, ತಣಿಸಿ, ಒಲೆಗೆ ಹಾಕದೇ ಕೊಟ್ಟುಬಿಟ್ಟೆ. ಮೂರನೇ ದಿನ ಅದು ಕಪಾಟಿನಲ್ಲಿ ಕೂತಲ್ಲೇ ಒಳಗಿನ ಸುತ್ತು ಬೆಸುಗೆಯಲ್ಲಿ ಸೀಳಿತು. ಮೇಷ್ಟ್ರು ಬಂದವರು ಬೈಯಲಿಲ್ಲ. ನಾನು ಅದೇ ವಾರ ಮಾಡಿದ್ದ ಇನ್ನೊಂದು ಕಂಡೆನ್ಸರ್ ತಂದು, ಗಾಜಿನೊಳಗಿನ ಎಳೆತ ತೋರಿಸುವ ಪೋಲರಿಸ್ಕೋಪ್ ಅನ್ನುವ ಉಪಕರಣದ ಎರಡು ಹಾಳೆಗಳ ನಡುವೆ ಹಿಡಿದರು. ಕತ್ತಲೆ ಹಿನ್ನೆಲೆಯಲ್ಲಿ ಬೆಸುಗೆಯ ಸುತ್ತ ಬೆಳ್ಳಗೆ ಉಂಗುರ ಉರಿಯುತ್ತಿತ್ತು. ಆ ಬಿಳಿ ಅಂದರೆ ಒಳಗಿನ ಎಳೆದಾಟ. ಅದನ್ನು ಒಲೆಗೆ ಹಾಕಿ ಮರುದಿನ ಮತ್ತೆ ತೋರಿಸಿದರು, ಉಂಗುರ ಇರಲಿಲ್ಲ, ಬರೀ ಕತ್ತಲೆ. ಆಮೇಲೆ ನಾನು ಯಾರ ತುರ್ತಿಗೂ ಒಲೆ ತಪ್ಪಿಸಿಲ್ಲ.

ಮೂರನೆಯದು ಫಿರೋಜಾಬಾದ್. ಉತ್ತರ ಪ್ರದೇಶದ ಬಳೆಗಳ ಊರು. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಅಕ್ಕ ತಂಗಿಯರು ಇಡಿಸಿಕೊಳ್ಳುವ ಗಾಜಿನ ಬಳೆ ಬಹಳಷ್ಟು ಬರುವುದು ಅಲ್ಲಿಂದಲೇ. ಬೆಂಗಳೂರು ಬಿಟ್ಟ ಮೇಲೆ ಒಂದು ವರ್ಷ ಅಲ್ಲಿದ್ದೆ. ಬೆಂಗಳೂರಿನಲ್ಲಿ ಸಿದ್ಧ ಕೊಳವೆಯನ್ನು ಬೆಂಕಿಗೆ ಹಿಡಿಯುತ್ತಿದ್ದೆವು. ಇಲ್ಲಿ ಮರಳು, ಸೋಡಾ, ಸುಣ್ಣದಕಲ್ಲು ಕರಗಿಸಿದ ಗಾಜೇ ಮೂಸೆಯಲ್ಲಿ ಪಾಕದ ಹಾಗೆ ಇರುತ್ತದೆ. ಕುಲುಮೆ ಹಗಲು ರಾತ್ರಿ ಆರುವುದಿಲ್ಲ, ಆರಿದರೆ ಮೂಸೆಯೇ ಒಡೆಯುತ್ತದೆ. ಮೊದಲು ಕಲ್ಲಿದ್ದಲು ಉರಿಸುತ್ತಿದ್ದರು. ತಾಜಮಹಲಿಗೆ ಹೊಗೆಯಿಂದ ಧಕ್ಕೆಯಾಗುತ್ತದೆ ಅಂತ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ನಾನು ಹೋದಾಗ ಗ್ಯಾಸೇ ಇತ್ತು.

ಅಲ್ಲಿ ಕಬ್ಬಿಣದ ಊದುಕೊಳವೆಯ ತುದಿಯನ್ನು ಮೂಸೆಗೆ ಅದ್ದಿ ತಿರುಗಿಸಿ ಗಾಜು ಸುತ್ತಿಕೊಂಡು ಬರುತ್ತಾರೆ, ಜೋನಿಬೆಲ್ಲಕ್ಕೆ ಕಡ್ಡಿ ಅದ್ದಿ ತಿರುಗಿಸಿದ ಹಾಗೆ. ತಿರುಗಿಸುವುದು ಒಂದು ಕ್ಷಣ ನಿಂತರೂ ಗಾಜು ಜೋತು ಬೀಳುತ್ತದೆ. ಕಬ್ಬಿಣದ ಹಲಗೆಯ ಮೇಲೆ ಉರುಳಿಸಿ, ಊದಿ, ಅಚ್ಚಿಗೆ ಇಳಿಸಿ ಮತ್ತೆ ಊದುತ್ತಾರೆ. ಊದುಕೊಳವೆ ಕಂಡುಹಿಡಿದು ಎರಡು ಸಾವಿರ ವರ್ಷವಾಯಿತು, ಸಿರಿಯಾ ಮತ್ತು ಪ್ಯಾಲೆಸ್ಟೈನ್ ಕಡೆ. ಮೂಲ ಕೆಲಸ ಇವತ್ತಿಗೂ ಅದೇ. ಬಳೆಗೆ ಮಾತ್ರ ಊದುವುದಿಲ್ಲ, ತಿರುಗುವ ಸರಳಿನ ಮೇಲೆ ಗಾಜಿನ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತದೆ, ಅದನ್ನು ಗೀರಿ ಕತ್ತರಿಸಿ, ಒಂದೊಂದರ ಬಾಯನ್ನೂ ಗಲ್ಲಿಯ ಮನೆಗಳಲ್ಲಿ ಸಣ್ಣ ಬೆಂಕಿಯ ಮೇಲೆ ಕೂಡಿಸುತ್ತಾರೆ. ಆ ಮನೆಗಳಲ್ಲಿ ಗಾಳಿ ಆಡುವುದಿಲ್ಲ. ಅದನ್ನು ನೋಡಿದ ಮೇಲೆ ಬಳೆಗೆ ಚೌಕಾಸಿ ಮಾಡಲು ನನಗೆ ಮನಸ್ಸು ಬಂದಿಲ್ಲ.

ನಾನಿದ್ದ ಕಾರ್ಖಾನೆಯಲ್ಲಿ ಲೋಟ, ಚಿಮಣಿ ಮಾಡುತ್ತಿದ್ದರು. ಹದ ಮಾಡುವುದಕ್ಕೆ ಉದ್ದನೆಯ ಸುರಂಗ. ಒಂದು ಬಾಯಿಗೆ ಬಿಸಿ ಲೋಟ ಇಟ್ಟರೆ ಪಟ್ಟಿಯ ಮೇಲೆ ನಿಧಾನಕ್ಕೆ ಸಾಗುತ್ತಾ ಇನ್ನೊಂದು ಬಾಯಲ್ಲಿ ಕೈಯಲ್ಲಿ ಹಿಡಿಯುವಷ್ಟು ತಣ್ಣಗೆ ಹೊರಬರುತ್ತಿತ್ತು. ಯಾರ ಜಾಣತನವೂ ಬೇಕಿಲ್ಲ, ಸುರಂಗವೇ ನೋಡಿಕೊಳ್ಳುತ್ತದೆ. ಆದರೆ ಕಲಿಯಲು ಹೋಗುವವರಿಗೆ ಒಂದು ತೊಂದರೆ ಇದೆ. ಅಲ್ಲಿ ಒಬ್ಬೊಬ್ಬರದು ಒಂದೊಂದೇ ಕೆಲಸ. ಸುತ್ತುವವನು ಸುತ್ತುತ್ತಲೇ ಇರುತ್ತಾನೆ, ಅಚ್ಚು ಹಿಡಿಯುವ ಹುಡುಗ ವರ್ಷಗಟ್ಟಲೆ ಅಚ್ಚೇ ಹಿಡಿಯುತ್ತಾನೆ. ನನಗೆ ಮೊದಲೇ ಕೈ ಬಂದಿತ್ತು ಅಂತ ಉಸ್ತಾದರು ಊದಲು ಬಿಟ್ಟರು. ಬರಿಗೈಯಲ್ಲಿ ಹೋದವರಿಗೆ ಆ ಸರದಿ ಬರುವುದು ಬಹಳ ತಡ.

ನಾಲ್ಕನೆಯದು ನನ್ನದೇ ಶೆಡ್ಡು, ಶಿವಮೊಗ್ಗದ ಹೊರಗೆ. 2008ರಿಂದ ಇದೆ. ಕಾಲೇಜುಗಳ ಕಂಡೆನ್ಸರ್, ಸಾಕ್ಸ್‌ಲೆಟ್ (ಪುಡಿಯಿಂದ ಸತ್ವ ಇಳಿಸುವ ಗಾಜಿನ ಉಪಕರಣ) ರಿಪೇರಿ ಜಾಸ್ತಿ. ಇತ್ತೀಚೆಗೆ ಕ್ಲೆವೆಂಜರ್ ಉಪಕರಣವೂ ಬರುತ್ತದೆ. ಕಾಳುಮೆಣಸು, ಏಲಕ್ಕಿಯಲ್ಲಿ ಎಣ್ಣೆ ಎಷ್ಟಿದೆ ಅಂತ ಅಳೆಯುವುದು ಅದರಲ್ಲೇ. ಮೆಣಸನ್ನು ನೀರಿನಲ್ಲಿ ಕುದಿಸಿದರೆ ಹಬೆಯ ಜೊತೆ ಎಣ್ಣೆ ಏರುತ್ತದೆ, ತಣಿದು ಗೆರೆ ಹಾಕಿದ ಕೊಳವೆಯಲ್ಲಿ ನೀರಿನ ಮೇಲೆ ತೇಲುತ್ತದೆ, ನೀರು ಮಾತ್ರ ಓರೆಯಾದ ಸಪೂರ ಕೊಳವೆಯಲ್ಲಿ ವಾಪಸ್ ಫ್ಲಾಸ್ಕಿಗೆ ಇಳಿಯುತ್ತದೆ. ಆ ಓರೆ ಕೊಳವೆಯೇ ಯಾವಾಗಲೂ ಮುರಿಯುವುದು. ಎರಡೂ ತುದಿ ಬೆಸುಗೆಯಾಗಿರುವ ಕಾರಣ ಒಂದು ಕಡೆ ಕಾಯಿಸಿದರೆ ಇನ್ನೊಂದು ಕಡೆ ಎಳೆತ ಕೂರುತ್ತದೆ. ಎರಡೂ ಬೆಸುಗೆಯನ್ನು ಬೆಚ್ಚಗೆ ಇಟ್ಟುಕೊಂಡೇ ಕೆಲಸ ಮಾಡಬೇಕು, ಮುಗಿದ ತಕ್ಷಣ ಒಲೆಗೆ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಮಳೆಗಾಲವೇ ಪರೀಕ್ಷೆ. ತಗಡಿನ ಸೂರಿನಿಂದ ಒಂದು ಹನಿ ಬಿಸಿ ಗಾಜಿನ ಮೇಲೆ ಬಿದ್ದರೆ ಅರ್ಧ ದಿನದ ಕೆಲಸ ಹೋಯಿತು. ಸೋಡಾ ಗಾಜಿನ ಕೊಳವೆ ತೇವದಲ್ಲಿ ಇಟ್ಟರೆ ಮೇಲೆ ಬೂಷ್ಟಿನಂಥ ಬಿಳಿ ಪೊರೆ ಬರುತ್ತದೆ, ಗಾಜಿನೊಳಗಿನ ಸೋಡಾ ನೀರಿಗೆ ಹೊರಬಂದು ಆಗುವುದು. ಬೋರೋಸಿಲಿಕೇಟಿಗೆ ಆ ಕಾಟ ಕಡಿಮೆ. ಚಳಿ ಬೆಳಗ್ಗೆ ಗ್ಯಾಸ್ ಸಿಲಿಂಡರಿನ ಒತ್ತಡ ಇಳಿದು ಬೆಂಕಿ ಸೊರಗುತ್ತದೆ, ಅದಕ್ಕೆ ಎರಡು ಸಿಲಿಂಡರ್ ಜೋಡಿಸಿದ್ದೇನೆ. ಎಲ್ಲಕ್ಕಿಂತ ದೊಡ್ಡದು ಕರೆಂಟು. ಒಲೆ 565ರಲ್ಲಿರುವಾಗ ಕರೆಂಟ್ ಹೋದರೆ ಏನು? ಮೊದಲ ಮಳೆಗಾಲದಲ್ಲಿ ಹೀಗೇ ಆಗಿ ಇಡೀ ವಾರದ ಕೆಲಸ ಅನುಮಾನಕ್ಕೆ ಬಿತ್ತು. ಆಮೇಲೆ ಒಲೆಯ ಗೋಡೆಗೆ ಹಗುರ ಇಟ್ಟಿಗೆ ಎರಡು ಸುತ್ತು ಕಟ್ಟಿದೆ. ಈಗ ಕರೆಂಟ್ ಹೋದರೂ ಶಾಖ ತಾನಾಗಿಯೇ ನಿಧಾನ ಇಳಿಯುತ್ತದೆ. ಬಾಗಿಲು ಮಾತ್ರ ತೆರೆಯಬಾರದು. ಸಣ್ಣ ಮಣಿಗಳನ್ನಾದರೆ ಅಕ್ಕಿ ಗಿರಣಿಯ ಉಮಿ ಬೂದಿಯನ್ನು ಕಾಯಿಸಿ ಅದರೊಳಗೆ ಹೂತಿಡುತ್ತೇನೆ, ಮರುದಿನ ತೆಗೆದಾಗಲೂ ಬೂದಿ ಉಗುರುಬೆಚ್ಚಗಿರುತ್ತದೆ. ದೊಡ್ಡ ಸಾಮಾನಿಗೆ ಬೂದಿ ನಂಬಬೇಡಿ.

ಈಗ ನಿಮ್ಮ ಕೊಟ್ಟಿಗೆ. ಆಗುತ್ತದೆ, ಆದರೆ ಈಗಿರುವ ಹಾಗಲ್ಲ. ಅಟ್ಟದಲ್ಲಿ ಹುಲ್ಲಿದ್ದರೆ, ಸೂರಿಗೆ ಅಡಿಕೆ ಸೋಗೆ ಹೊದಿಸಿದ್ದರೆ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೊಟ್ಟಿಗೆಯ ಗೊಬ್ಬರದ ಗುಂಡಿ, ಗಂಜಲದ ಕಾಲುವೆ ಎಲ್ಲ ಮುಚ್ಚಿಸಿ, ನೆಲಮಟ್ಟದಲ್ಲಿ ಗಾಳಿ ಹೊರಹೋಗಲು ಕಿಂಡಿ ಬಿಡಿಸಿ, ಮೇಲೂ ಹೊಗೆ ಹೋಗಲು ಜಾಗ ಇರಲಿ. ಸಿಲಿಂಡರ್ ಹೊರಗೆ, ಸೂರಿನ ಕೆಳಗೆ. ಅಡುಗೆಮನೆಯ 14.2 ಕಿಲೋ ಸಿಲಿಂಡರ್ ತರಬೇಡಿ, ಕಸುಬಿಗೆ ಅದು ಕಾನೂನಿನಲ್ಲಿ ಇಲ್ಲ, 19 ಕಿಲೋದ್ದೇ ತೆಗೆದುಕೊಳ್ಳಿ. ಇನ್ನೊಂದು ನಮ್ಮ ಕಡೆಯವರಿಗೇ ಹೇಳಬೇಕಾದ ಮಾತು: ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಬೇಡಿ, ಅದರ ತಿರುಪು ಬಿಗಿಯಾಗಿದೆ ಅಂತ ಎಣ್ಣೆ ಬಿಡಲೂಬೇಡಿ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಾಗಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ದೊಡ್ಡ ಸಿಲಿಂಡರ್ ಬದಲು ಆಸ್ಪತ್ರೆಗೆ ಬಳಸುವ ಆಕ್ಸಿಜನ್ ಕಾನ್ಸಂಟ್ರೇಟರ್, ನಿಮಿಷಕ್ಕೆ 5 ಲೀಟರಿನದು, ಸಣ್ಣ ಬರ್ನರ್‌ಗೆ ಸಾಕು. ಕರೆಂಟ್ ಇದ್ದಾಗ ಮಾತ್ರ, ಅಷ್ಟೇ.

ಪೋಲರಿಸ್ಕೋಪ್ ಕೊಳ್ಳುವ ಅಗತ್ಯ ಇಲ್ಲ. ಹಳೇ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬರೀ ಬಿಳಿ ಪುಟ ತೆರೆದಿಡಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಕಣ್ಣಿನ ಮುಂದೆ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಗಾಜನ್ನು ನಡುವೆ ಹಿಡಿಯಿರಿ. ಎಲ್ಲಿ ಬೆಳಗಿತೋ ಅಲ್ಲಿ ಎಳೆತ ಇದೆ. ಮನೆಯಲ್ಲಿರುವ ಲೋಟ, ಉಪ್ಪಿನಕಾಯಿ ಭರಣಿ ಹಿಡಿದು ಇವತ್ತೇ ನೋಡಿ.

ಎಲ್ಲಿ ಕಲಿಯಲಿ ಅಂದಿರಿ. ನನ್ನ ಮಾತು ಕೇಳುವುದಾದರೆ ನಿಯಾನ್ ಬೇಡ, ಎಲ್‌ಇಡಿ ಬಂದ ಮೇಲೆ ಆ ಕೆಲಸ ಬಹುತೇಕ ನಿಂತಿದೆ. ಕುಲುಮೆ ಕಾರ್ಖಾನೆಯನ್ನು ಹೋಗಿ ನೋಡಿ ಬನ್ನಿ, ಕಲಿಯಲು ಅದು ಮೊದಲ ಜಾಗ ಅಲ್ಲ. ಬಿ.ಎಸ್‌ಸಿ. ಓದಿದ್ದೀರಿ, ಉಪಕರಣದ ಉಪಯೋಗ ಗೊತ್ತಿದೆ, ನಿಮಗೆ ಲ್ಯಾಬ್ ಗಾಜಿನ ವಿಭಾಗವೇ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಜು ಊದುವ ವಿಭಾಗವೇ ಇದೆ, ಇಂಥ ಕಡೆ ತರಬೇತಿಗೆ ಅವಕಾಶ ಇದೆಯಾ ಅಂತ ಪತ್ರ ಬರೆದು ಕೇಳಿ. ಖಾಸಗಿ ವರ್ಕ್‌ಶಾಪ್ ಆದರೂ ಪರವಾಗಿಲ್ಲ. ಒಳಗೆ ಹೋದಾಗ ಒಲೆ ಎಲ್ಲಿದೆ ಕೇಳಿ. ಒಲೆಯ ಮೇಲೆ ಧೂಳು ಕೂತಿದ್ದರೆ, ಒಳಗೆ ಹಳೇ ಸಾಮಾನು ತುಂಬಿಟ್ಟಿದ್ದರೆ ನಮಸ್ಕಾರ ಹೇಳಿ ಬನ್ನಿ.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಪೆನ್ಸಿಲ್ ದಪ್ಪದ ಎರಡು ಬಿದಿರು ಕಡ್ಡಿ ತೆಗೆದುಕೊಳ್ಳಿ. ನಡುವೆ ಒಂದು ಗೇಣು ಹಳೇ ಬಟ್ಟೆಯನ್ನು ಕೊಳವೆಯ ಹಾಗೆ ಸುತ್ತಿ ಎರಡಕ್ಕೂ ದಾರದಲ್ಲಿ ಕಟ್ಟಿ. ಈಗ ಎರಡೂ ಕೈಯಲ್ಲಿ ಕಡ್ಡಿಗಳನ್ನು ಒಟ್ಟಿಗೆ ತಿರುಗಿಸಿ. ಎಡಗೈ ಅಂಗೈ ಕೆಳಗಾಗಿ, ಬಲಗೈ ಅಂಗೈ ಮೇಲಾಗಿ. ಬಟ್ಟೆ ಹಿಂಡಿಕೊಳ್ಳಬಾರದು, ಜೋಲಬಾರದು, ಎಳೆದುಕೊಳ್ಳಬಾರದು. ಕರಗಿದ ಗಾಜು ಆ ಬಟ್ಟೆಯ ಹಾಗೇ ಇರುತ್ತದೆ. ಮೊದಲ ದಿನ ಹತ್ತು ಸುತ್ತಿಗೇ ಹಿಂಡಿಕೊಳ್ಳುತ್ತದೆ, ಗಾಬರಿ ಬೇಡ. ದಿನಾ ಅರ್ಧ ಗಂಟೆ, ಜಗಲಿಯಲ್ಲಿ ಕೂತು ಮಾತಾಡುತ್ತಾ ಮಾಡಿ. ಮಾತಿನ ಮಧ್ಯೆ ಕೈ ನೋಡದೇ ನೂರು ಸುತ್ತು ಬಂದ ದಿನ ಬರ್ನರ್ ಹಚ್ಚಬಹುದು.